ಊರಿಗಾಮಿನ ಗಣಿಗಳೂ ವಿಧಿವಾಕ್ಯವೂ: ‘ಷಲ್’, ‘ಮಸ್ಟ್’, ‘ಬೇಕು’, ‘ತಕ್ಕದ್ದು’ ಎಂಬ ಪದಗಳ ವಿಚಾರ

೧

ಬಂಗಾರಪೇಟೆಯಿಂದ ಕವಲೊಡೆಯುವ ರೈಲುಮಾರ್ಗವು ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪದಲ್ಲಿ ಮುಗಿಯುತ್ತದೆ. ಈ ಸಣ್ಣ ಹಾದಿಯ ಇಕ್ಕೆಲಗಳಲ್ಲಿ ನಡೆದ ಸುವರ್ಣಗಣಿಗಳ ವ್ಯವಹಾರವು ಕರ್ಣಾಟಕದ ಅರ್ವಾಚೀನ ಚರಿತ್ರೆಯಲ್ಲಿ ಒಂದು ಪ್ರತ್ಯೇಕ ಪ್ರಕರಣವೇ ಆಗಿದೆ. ೧೮೭೫ರಲ್ಲಿ ಮೈಕೇಲ್ ಲವೆಲ್ ಎಂಬಾತನು ಇಲ್ಲಿ ಗಣಿ ತೋಡುವ ಹಕ್ಕನ್ನು ಮೈಸೂರು ಸರ್ಕಾರದಿಂದ ಪಡೆದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಈ ಕ್ಷೇತ್ರವನ್ನು ಪ್ರವೇಶಿಸಿತು. ೧೮೯೪ರಲ್ಲಿ ರೈಲು ಬಂದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ಮೈಸೂರು, ಊರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ ಎಂಬ ಹೆಸರಿನ ಗಣಿಗಳು ಪ್ರಸಿದ್ಧವಾದುವು. ಇವುಗಳಲ್ಲಿ ಚಾಂಪಿಯನ್ ರೀಫ್ ಗಣಿಯು ೩೦೦೦ ಮೀಟರಿಗಿಂತಲೂ ಹೆಚ್ಚು ಆಳಕ್ಕೆ ಇಳಿಯಿತು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು. ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದುವು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಕೆಲಸವು ನಿಂತುಹೋಯಿತು.

ಈ ಚರಿತ್ರೆಯನ್ನು ಬರೆದವರು ಚಿನ್ನದ ತೂಕವನ್ನೂ ಬಾವಿಗಳ ಆಳವನ್ನೂ ಕಂಪೆನಿಗಳ ಲಾಭನಷ್ಟಗಳನ್ನೂ ವಿಸ್ತಾರವಾಗಿ ಹೇಳಿದ್ದಾರೆ. ಆದರೆ ಭಾಷಾಶಾಸ್ತ್ರಜ್ಞರಿಗೂ ಸಾಹಿತ್ಯದ ಉಪಾಧ್ಯಾಯರಿಗೂ ವಿಚಾರಣೀಯವಾದ ಮತ್ತೊಂದು ಅಂಶವು ಇಲ್ಲಿ ಉಂಟು. ಗಣಿಗಳ ಆಡಳಿತವು ಇಂಗ್ಲೀಷಿನಲ್ಲಿ ನಡೆಯುತ್ತಿತ್ತು. ಕೆಲಸಗಾರರಲ್ಲಿ ಬಹುಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳರು. ಚಿತ್ತೂರಿನ ಕಡೆಯ ತೆಲುಗರೂ ಅನೇಕರಿದ್ದರು. ನೆಲವು ಮೈಸೂರು ಸಂಸ್ಥಾನದ್ದಾಗಿದ್ದುದರಿಂದ ಕಚೇರಿ, ಪೊಲೀಸು, ಶಾಲೆ ಇವುಗಳಿಗೆ ಕನ್ನಡದ ಸಂಬಂಧವಿತ್ತು. ಕಾವಲಿಗೆ ಬಂದ ಪಂಜಾಬಿನವರು ಹಿಂದೂಸ್ಥಾನಿಯನ್ನು ತಂದರು. ಹೀಗೆ ‘ಮಾಡು’ ಎಂದು ಹೇಳುವವನ ಭಾಷೆ ಒಂದು, ಮಾಡುವವನ ಭಾಷೆ ಇನ್ನೊಂದು, ಇಬ್ಬರ ನಡುವೆ ತೀರ್ಪು ಹೇಳುವವನ ಭಾಷೆ ಮತ್ತೊಂದು ಎಂಬ ಸ್ಥಿತಿಯು ಊರಿಗಾಮಿನಲ್ಲಿ ನೂರು ವರ್ಷಗಳಿಗೂ ಮೀರಿ ಇದ್ದಿತು.

ಇಂತಹ ಸ್ಥಳದಲ್ಲಿ ಕರ್ತವ್ಯವನ್ನು ಬೋಧಿಸುವ ಪದಗಳ ಅರ್ಥವೇನು? ಇಂಗ್ಲೀಷಿನ ‘ಷಲ್’, ‘ಮಸ್ಟ್’, ‘ಷುಡ್’, ‘ಆಟ್’ ಎಂಬ ಸಹಾಯಕ ಕ್ರಿಯಾಪದಗಳನ್ನು ಕನ್ನಡದ ‘ಬೇಕು’ ಎಂಬ ಒಂದೇ ಪದದಿಂದ ತಿಳಿಸುವ ವಾಡಿಕೆಯು ಪಾಠಶಾಲೆಗಳಲ್ಲಿ ಬಳಕೆಯಲ್ಲಿದೆ. ಕಥೆ ಕಾವ್ಯಗಳ ಭಾಷಾಂತರದಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಆದರೆ ಪ್ರಾಣಾಪಾಯವಿರುವ ಸ್ಥಳದ ನಿಬಂಧನೆಯಲ್ಲಿ, ಯಾರು ಯಾರಿಗೆ ಏನನ್ನು ಮಾಡಲು ಕಟ್ಟುಬಿದ್ದಿದ್ದಾರೆ ಎಂಬುದು ಈ ಸಣ್ಣ ಪದಗಳನ್ನೇ ಅವಲಂಬಿಸಿಕೊಂಡಿರುತ್ತದೆ. ಆದುದರಿಂದ ಈ ಪದಗಳ ಮೂಲವನ್ನೂ ಪ್ರಯೋಗವನ್ನೂ ಕ್ರಮವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

೨

ಮೊದಲು ಇಂಗ್ಲೀಷಿನ ಪದಗಳನ್ನು ನೋಡಬಹುದು. ‘ಷಲ್’ ಎಂಬುದು ಪ್ರಾಚೀನ ಇಂಗ್ಲೀಷಿನಲ್ಲಿ ‘ನಾನು ಸಾಲಗಾರನಾಗಿದ್ದೇನೆ’, ‘ಕೊಡಬೇಕಾದವನಾಗಿದ್ದೇನೆ’ ಎಂಬ ಅರ್ಥವುಳ್ಳ ಕ್ರಿಯಾಪದವಾಗಿತ್ತು. ಇದಕ್ಕೆ ಜ್ಞಾತಿಯಾದ ಜರ್ಮನ್ ಭಾಷೆಯ ‘ಷುಲ್ಡ್’ ಎಂಬ ನಾಮಪದಕ್ಕೆ ಈಗಲೂ ಸಾಲ, ಅಪರಾಧ ಎಂಬೆರಡು ಅರ್ಥಗಳುಂಟು. ‘ಷುಡ್’ ಎಂಬುದು ಇದರ ಭೂತರೂಪ. ‘ಆಟ್’ ಎಂಬುದು ‘ಹೊಂದಿರು, ಸ್ವಾಮ್ಯವುಳ್ಳವನಾಗಿರು’ ಎಂಬ ಅರ್ಥದ ಧಾತುವಿನ ಭೂತರೂಪವಾಗಿದ್ದು, ಸಾಲವನ್ನು ಹೇಳುವ ‘ಓ’ ಎಂಬ ಕ್ರಿಯಾಪದದೊಡನೆ ಒಡಹುಟ್ಟಿದುದು. ಹೀಗೆ ಇಂಗ್ಲೀಷಿನ ಕರ್ತವ್ಯಬೋಧಕ ಪದಗಳಲ್ಲಿ ಮುಖ್ಯವಾದ ಮೂರು ಋಣದ ಭಾವನೆಯಿಂದ ಹುಟ್ಟಿರುತ್ತವೆ. ಋಣವೆಂದರೆ ಅಲ್ಲಿ ಸಾಲಗಾರನೂ ಧನಿಕನೂ ಇರಲೇಬೇಕು. ಇಬ್ಬರಲ್ಲಿ ಒಬ್ಬನು ಇಲ್ಲದಿದ್ದರೂ ಋಣವಿಲ್ಲ.

‘ಮಸ್ಟ್’ ಎಂಬ ಪದದ ಚರಿತ್ರೆಯು ಬೇರೆಯಾಗಿದೆ. ಅದು ಮೊದಲು ಅನುಮತಿಯನ್ನು ಹೇಳುವ ಧಾತುವಿನ ಭೂತರೂಪವಾಗಿದ್ದು, ಕಾಲಕ್ರಮದಲ್ಲಿ ನಿರ್ಬಂಧವನ್ನು ಹೇಳುವ ಪದವಾಗಿ ಮಾರ್ಪಟ್ಟಿತು. ಅನುಮತಿಯು ನಿರ್ಬಂಧವಾಗಿ ತಿರುಗಿದುದು ವಿಚಿತ್ರವೆಂದು ತೋರಬಹುದು. ಆದರೆ ಧಣಿಯು ‘ಹೋಗಬಹುದು’ ಎಂದಾಗ ಆಳು ಅದನ್ನು ‘ಹೋಗು’ ಎಂದೇ ತಿಳಿಯುವುದು ಲೋಕದಲ್ಲಿ ಕಂಡ ವಿಷಯವೇ ಆಗಿದೆ.

‘ಷಲ್’ ಎಂಬುದಕ್ಕೆ ಇನ್ನೊಂದು ವಿಶೇಷವುಂಟು. ೧೬೫೩ರಲ್ಲಿ ಜಾನ್ ವಾಲಿಸ್ ಎಂಬ ಪಂಡಿತನು ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲೀಷ್ ವ್ಯಾಕರಣದಲ್ಲಿ, ಉತ್ತಮಪುರುಷದಲ್ಲಿ ‘ಷಲ್’ ಎಂಬುದು ಭವಿಷ್ಯತ್ತನ್ನು ಮಾತ್ರ ಹೇಳುವುದೆಂದೂ, ಮಧ್ಯಮಪುರುಷ ಪ್ರಥಮಪುರುಷಗಳಲ್ಲಿ ಅದು ವಾಗ್ದಾನವನ್ನೋ ಬೆದರಿಕೆಯನ್ನೋ ತಿಳಿಸುವುದೆಂದೂ ವಿವರಿಸಿದನು. ಈ ನಿಯಮವನ್ನು ಮುಂದಿನ ವೈಯಾಕರಣರು ಪಾಠಪುಸ್ತಕಗಳಿಗೆ ತಂದರು. ಮೈಸೂರಿನ ಹೈಸ್ಕೂಲುಗಳ ವಿದ್ಯಾರ್ಥಿಗಳೂ ಅದನ್ನು ಕಂಠಪಾಠ ಮಾಡಿದರು. ಶಾಸನಗ್ರಂಥಗಳಲ್ಲಿ ಕರ್ತೃವು ಸದಾ ಪ್ರಥಮಪುರುಷದಲ್ಲಿ ಇರುವುದರಿಂದ ಅಲ್ಲಿ ‘ಷಲ್’ ಎಂಬುದು ಯಾವಾಗಲೂ ವಿಧಿಯೇ. ‘ಮಾಲೀಕನು ಷಲ್’ ಎಂದರೆ ಮಾಲೀಕನು ಮುಂದೆ ಮಾಡುವನೆಂದು ಅರ್ಥವಲ್ಲ. ಮಾಡದಿದ್ದರೆ ದಂಡಾರ್ಹನೆಂದು ಅರ್ಥ.

೩

ನಮ್ಮ ದೇಶದ ಶಾಸ್ತ್ರಗಳಲ್ಲಿ ಈ ವಿಚಾರವು ಅತ್ಯಂತ ಸೂಕ್ಷ್ಮವಾಗಿ ಚರ್ಚಿತವಾಗಿದೆ. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಲಿಙ್ ಎಂಬ ಲಕಾರಕ್ಕೆ ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನ ಎಂಬ ಆರು ಅರ್ಥಗಳನ್ನು ಹೇಳುತ್ತಾನೆ. ಭಟ್ಟೋಜಿದೀಕ್ಷಿತನು ಇವುಗಳನ್ನು ವಿಂಗಡಿಸುವಾಗ, ಭೃತ್ಯನೇ ಮೊದಲಾದ ಕೆಳಗಿನವರನ್ನು ಕೆಲಸಕ್ಕೆ ತೊಡಗಿಸುವುದು ವಿಧಿ ಎನ್ನುತ್ತಾನೆ. ಶ್ರಾದ್ಧಭೋಜನಕ್ಕೆ ದೌಹಿತ್ರನನ್ನು ಕರೆಯುವಂತೆ ತಪ್ಪಿಸಿಕೊಳ್ಳಲಾಗದ ಕಾರ್ಯಕ್ಕೆ ನಿಯೋಗಿಸುವುದು ನಿಮಂತ್ರಣ. ಇಷ್ಟವಿದ್ದಂತೆ ನಡೆಯಲು ಒಪ್ಪಿಗೆ ಕೊಡುವುದು ಆಮಂತ್ರಣ. ಸತ್ಕಾರಪೂರ್ವಕವಾಗಿ ಕಾರ್ಯಕ್ಕೆ ಪ್ರೇರಿಸುವುದು ಅಧೀಷ್ಟ. ಕ್ರಿಯೆಯು ಒಂದೇ ಆದರೂ ಹೇಳುವವನಿಗೂ ಕೇಳುವವನಿಗೂ ಇರುವ ತಾರತಮ್ಯದಿಂದ ವಾಕ್ಯದ ಅರ್ಥವು ಭೇದಿಸುತ್ತದೆಂಬುದು ಇದರ ತಾತ್ಪರ್ಯ.

ಅದೇ ಪಾದದಲ್ಲಿ ತವ್ಯ, ಅನೀಯರ್ ಮೊದಲಾದ ಕೃತ್ಯಪ್ರತ್ಯಯಗಳಿಗೆ ಬೇರೆ ಬೇರೆ ಅರ್ಥಗಳು ಹೇಳಲ್ಪಟ್ಟಿವೆ. ಆಜ್ಞೆ, ಅನುಜ್ಞೆ, ಕಾಲಪ್ರಾಪ್ತಿ ಎಂಬ ಮೂರು ಒಂದು ಕಡೆ. ಅರ್ಹತೆ ಮತ್ತೊಂದು ಕಡೆ. ಆವಶ್ಯಕತೆ, ಆಧಮರ್ಣ್ಯ ಎಂಬೆರಡು ಇನ್ನೊಂದು ಕಡೆ. ಆಧಮರ್ಣ್ಯವೆಂದರೆ ಸಾಲಗಾರನ ಸ್ಥಿತಿ. ಇಂಗ್ಲೀಷಿನ ‘ಷಲ್’ ‘ಆಟ್’ ಎಂಬ ಪದಗಳ ಹುಟ್ಟಿನಲ್ಲಿ ಅಡಗಿರುವ ಭಾವನೆಯನ್ನು ಪಾಣಿನಿಯು ಪ್ರತ್ಯಯಾರ್ಥವಾಗಿಯೇ ಹೆಸರಿಸಿರುವುದು ಗಮನಾರ್ಹ. ಅಲ್ಲದೆ ಕೃತ್ಯಪ್ರತ್ಯಯಾಂತವು ಬಂದಾಗ ಕರ್ತೃಪದಕ್ಕೆ ತೃತೀಯಾ ವಿಭಕ್ತಿಯು ಬರಬಹುದು, ಷಷ್ಠಿಯೂ ಬರಬಹುದು. ‘ನನ್ನಿಂದ ಮಾಡಲ್ಪಡತಕ್ಕದ್ದು’ ಎಂದಾದರೂ ಹೇಳಬಹುದು, ‘ನನ್ನ ಕರ್ತವ್ಯ’ ಎಂದಾದರೂ ಹೇಳಬಹುದು. ಎರಡನೆಯ ರೀತಿಯಲ್ಲಿ ಕರ್ತವ್ಯವು ಮಾಡುವವನ ಸೊತ್ತಿನಂತೆ ಅವನಿಗೆ ಅಂಟಿಕೊಳ್ಳುತ್ತದೆ.

ಮೀಮಾಂಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಿಧಿವಾಕ್ಯವನ್ನು ಕೇಳಿದೊಡನೆ ‘ಏನನ್ನು, ಯಾವುದರಿಂದ, ಹೇಗೆ’ ಎಂಬ ಮೂರು ಆಕಾಂಕ್ಷೆಗಳು ಹುಟ್ಟುವುವೆಂದು ಭಾಟ್ಟರು ಹೇಳುತ್ತಾರೆ. ಇವಲ್ಲದೆ ‘ಯಾರು’ ಎಂಬ ಪ್ರಶ್ನೆಗಾಗಿ ಜೈಮಿನಿಯು ಆರನೆಯ ಅಧ್ಯಾಯವನ್ನೇ ಮೀಸಲಾಗಿಟ್ಟಿದ್ದಾನೆ, ಅದೇ ಅಧಿಕಾರಾಧ್ಯಾಯ. ಪ್ರಾಭಾಕರರ ಮತದಲ್ಲಿಯಂತೂ ತಾನು ನಿಯೋಜ್ಯನೆಂದು ತಿಳಿದವನು ಇಲ್ಲದೆ ನಿಯೋಗವು ಪೂರ್ಣವಾಗುವುದಿಲ್ಲ. ಯಜ್ಞಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಈ ಪ್ರಶ್ನೆಯೇ ಗಣಿಯ ಕಾಯಿದೆಗೂ ಒರೆಗಲ್ಲಾಗುತ್ತದೆಂಬುದನ್ನು ಮುಂದೆ ತೋರಿಸಲಾಗುವುದು.

೪

ಇನ್ನು ಕನ್ನಡದ ವಿಷಯ. ಶಾಸನಗಳಲ್ಲಿ ದತ್ತಿಯನ್ನು ಕಾಪಾಡಬೇಕೆಂಬ ವಿಧಿಯು ಬಹುಮಟ್ಟಿಗೆ ಫಲಕಥನದ ರೂಪದಲ್ಲಿ ಬರುತ್ತದೆ. ರಕ್ಷಿಸಿದವನಿಗೆ ಇಂಥ ಪುಣ್ಯ, ಅಳಿದವನಿಗೆ ಇಂಥ ಪಾತಕ ಎಂದು ಹೇಳಿ ವಾಕ್ಯವು ಮುಗಿಯುತ್ತದೆ. ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಶಾಪಾಶಯಗಳಿಂದ ಮುಗಿಯುವ ದಾನಶಾಸನಗಳು ಅಲ್ಲಿಯೂ ಉಂಟು. ಶಾಸನಾಂತ್ಯದ ಪ್ರಸಿದ್ಧ ಸಂಸ್ಕೃತ ಶ್ಲೋಕದಲ್ಲಿ ಮಾತ್ರ ಮುಂದಿನ ರಾಜರನ್ನು ಉದ್ದೇಶಿಸಿದ ‘ಪಾಲನೀಯ’ ಎಂಬ ಕೃತ್ಯಾಂತಪದವು ಕಂಡುಬರುತ್ತದೆ. ವಿಧಿ ಮತ್ತು ಅರ್ಥವಾದ ಎಂಬ ಮೀಮಾಂಸೆಯ ವಿಭಾಗಕ್ಕೆ ಇದು ಒಳ್ಳೆಯ ನಿದರ್ಶನ.

ಕೇಶಿರಾಜನು ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಆಖ್ಯಾತಪ್ರಕರಣದಲ್ಲಿ ವಿಧಿರೂಪಗಳನ್ನು ವಿಚಾರಮಾಡಿದ್ದಾನೆ. ಪ್ರಥಮಪುರುಷದಲ್ಲಿ ಬರುವ ‘ಗೆ’ ಎಂಬ ಪ್ರತ್ಯಯವು ಹಳಗನ್ನಡದಲ್ಲಿ ಆಜ್ಞೆಯನ್ನೂ ಆಶೀರ್ವಾದವನ್ನೂ ಸಮಾನವಾಗಿ ತಿಳಿಸುತ್ತಿತ್ತು. ಕಾಲಾನಂತರದಲ್ಲಿ ಈ ಪ್ರತ್ಯಯವು ಹರಕೆಗೂ ಶಾಪಕ್ಕೂ ಸೀಮಿತವಾಯಿತು. ಕರ್ತವ್ಯವನ್ನು ಹೇಳಲು ಬೇರೆ ಪದಗಳು ಮುಂದೆ ಬಂದುವು. ಅವುಗಳಲ್ಲಿ ನಾಲ್ಕು ಮುಖ್ಯ.

ಮೊದಲನೆಯದು ‘ಬೇಕು’. ಹಳಗನ್ನಡದಲ್ಲಿ ‘ವೇಳ್ಕುಂ’ ಎಂದಿದ್ದ ಈ ಪದವು ‘ಬೇಡು’, ‘ಬೇಟ’ ಎಂಬ ಪದಗಳ ಬಳಗಕ್ಕೆ ಸೇರಿದುದು. ಇದರ ಮೂಲಾರ್ಥವು ಇಚ್ಛೆ. ‘ನನಗೆ ನೀರು ಬೇಕು’ ಎಂದಾಗ ಇಚ್ಛಿಸುವವನು ಚತುರ್ಥೀ ವಿಭಕ್ತಿಯಲ್ಲಿ ಸ್ಪಷ್ಟವಾಗಿ ನಿಂತಿರುತ್ತಾನೆ. ‘ನಾನು ನೀರು ತರಬೇಕು’ ಎಂದಾಗ ತರುವವನು ಮಾತ್ರ ಕಾಣುತ್ತಾನೆ. ತರಬೇಕೆಂದು ಇಚ್ಛಿಸಿದವನು ಮರೆಯಾಗುತ್ತಾನೆ. ಅದು ಧಣಿಯ ಇಚ್ಛೆಯೋ, ಸರ್ಕಾರದ ಕಟ್ಟಳೆಯೋ, ದೈವದ ನಿಯಮವೋ ಎಂಬುದನ್ನು ವಾಕ್ಯವು ಹೇಳುವುದಿಲ್ಲ.

ಎರಡನೆಯದು ‘ತಕ್ಕದ್ದು’. ಇದು ಯೋಗ್ಯವಾಗಿರು ಎಂಬ ಅರ್ಥದ ‘ತಗು’ ಧಾತುವಿನಿಂದ ಬಂದುದು. ಪಾಣಿನಿಯು ಹೇಳಿದ ಅರ್ಹಾರ್ಥಕ್ಕೆ ನೇರವಾಗಿ ಹೊಂದುತ್ತದೆ. ಕನ್ನಡದ ಕಾಯಿದೆಗಳಲ್ಲಿ ‘ಷಲ್’ ಎಂಬುದಕ್ಕೆ ಈ ಪದವೇ ಸ್ಥಿರವಾಗಿ ನಿಂತಿದೆ. ಮೂರನೆಯದು ‘ಮಾಡುವುದು’, ‘ಕಳುಹಿಸುವುದು’ ಎಂಬ ಕ್ರಿಯಾನಾಮ. ನಿರೂಪಗಳಲ್ಲಿಯೂ ಸುತ್ತೋಲೆಗಳಲ್ಲಿಯೂ ಕ್ರಿಯೆಯ ಹೆಸರನ್ನು ಹೇಳಿ ಬಿಡುವುದೇ ಆಜ್ಞೆಯಾಗುತ್ತದೆ. ನಾಲ್ಕನೆಯದು ‘ಬಹುದು’. ‘ಬರು’ ಧಾತುವಿನ ಈ ರೂಪವು ಅನುಜ್ಞೆಯನ್ನು ಹೇಳುತ್ತದೆ. ಅದೇ ಧಾತುವಿನ ನಿಷೇಧರೂಪವಾದ ‘ಬಾರದು’ ಎಂಬುದು ಪ್ರತಿಷೇಧವನ್ನು ಹೇಳುತ್ತದೆ.

ಋಣದಿಂದ ಹುಟ್ಟಿದ ಇಂಗ್ಲೀಷ್ ಪದಗಳಿಗೂ ಇಚ್ಛೆ, ಯೋಗ್ಯತೆ, ಬರವು ಇವುಗಳಿಂದ ಹುಟ್ಟಿದ ಕನ್ನಡ ಪದಗಳಿಗೂ ಇರುವ ವ್ಯತ್ಯಾಸವು ಈಗ ವ್ಯಕ್ತವಾಗುತ್ತದೆ. ಪದದ ಹುಟ್ಟೇ ಅದರ ಇಂದಿನ ಅರ್ಥವೆಂದು ಇಲ್ಲಿ ಪ್ರತಿಪಾದಿಸುತ್ತಿಲ್ಲ. ಕಾಯಿದೆ ಬರೆಯುವ ಇಂಗ್ಲೀಷಿನವನಿಗೆ ಸಾಲದ ನೆನಪಿರುವುದಿಲ್ಲ, ನೀರು ತರುವ ಕನ್ನಡಿಗನಿಗೆ ಬೇಟದ ನೆನಪೂ ಇರುವುದಿಲ್ಲ. ಆದರೆ ವಾಕ್ಯರಚನೆಯಲ್ಲಿ ಹುಟ್ಟಿನ ಗುರುತು ಉಳಿದಿರುತ್ತದೆ. ‘ಷಲ್’ ಎಂಬುದಕ್ಕೆ ಕರ್ತೃಪದವಿಲ್ಲದೆ ನಿಲ್ಲಲು ಶಕ್ತಿಯಿಲ್ಲ. ‘ಮಾಡಬೇಕು’, ‘ಮಾಡತಕ್ಕದ್ದು’, ‘ಮಾಡುವುದು’ ಎಂಬುವು ಕರ್ತೃಪದವಿಲ್ಲದೆಯೇ ಪೂರ್ಣವಾಕ್ಯಗಳಾಗಿ ನಿಲ್ಲುತ್ತವೆ.

೫

ಊರಿಗಾಮಿನ ಮಾತಿನಲ್ಲಿ ಈ ಸಂಗತಿಯು ಇನ್ನೂ ಸ್ವಾರಸ್ಯವಾಗಿ ಕಾಣುತ್ತದೆ. ತಮಿಳಿನ ‘ವೇಣ್ಡುಂ’ ಎಂಬುದು ಕನ್ನಡದ ‘ಬೇಕು’ ಎಂಬುದರ ದಾಯಾದಿ. ತೆಲುಗಿನ ‘ವಲೆನು’ ಎಂಬುದರ ಹಿಂದೆಯೂ ಬಯಕೆಯ ಅರ್ಥವೇ ಇದೆ. ಹಿಂದೂಸ್ಥಾನಿಯ ‘ಚಾಹಿಯೇ’ ಎಂಬುದು ಬಯಸುವುದೆಂಬ ಧಾತುವಿನಿಂದಲೇ ಬಂದುದು. ಹೀಗೆ ಗಣಿಯ ಬಾಯಲ್ಲಿ ಕೂಡಿದ ನಾಲ್ಕು ದೇಶಭಾಷೆಗಳೂ ಕರ್ತವ್ಯವನ್ನು ಇಚ್ಛೆಯ ಪದದಿಂದಲೇ ಹೇಳುತ್ತಿದ್ದುವು. ಪ್ರತಿಷೇಧದಲ್ಲಂತೂ ಮೂರು ದ್ರಾವಿಡ ಭಾಷೆಗಳಿಗೆ ಒಂದೇ ಪದವಿದ್ದಂತಿತ್ತು: ಕನ್ನಡದಲ್ಲಿ ‘ಕೂಡದು’, ತೆಲುಗಿನಲ್ಲಿ ‘ಕೂಡದು’, ತಮಿಳಿನಲ್ಲಿ ‘ಕೂಡಾದು’. ಅಪಾಯದ ಸ್ಥಳದಲ್ಲಿ ಈ ಒಂದು ಪದವು ಮೂವರಿಗೂ ತಿಳಿಯುತ್ತಿತ್ತು.

ಆದರೆ ವಿಧಿವಾಕ್ಯದಲ್ಲಿ ಸಾಮ್ಯವು ಮೋಸಮಾಡುವ ಸಂದರ್ಭಗಳೂ ಉಂಟು. ನಡೆದುಹೋದ ಕೆಲಸದ ವಿಷಯದಲ್ಲಿ ಕರ್ತವ್ಯವನ್ನು ಹೇಳುವಾಗ ಇದು ವಿಶೇಷವಾಗಿ ಕಂಡುಬರುತ್ತದೆ. ಕೋಲಾರದ ಗಣಿಗಳಲ್ಲಿ ಬಂಡೆಯು ಒತ್ತಡದಿಂದ ತಟ್ಟನೆ ಸಿಡಿಯುವ ಅಪಾಯವು ಪ್ರಸಿದ್ಧವಾಗಿತ್ತು. ಆದುದರಿಂದ ತೋಡಿದ ಜಾಗಕ್ಕೆ ಆಸರೆ ಕೊಡುವುದು ಪ್ರಾಣರಕ್ಷಣೆಯ ಕೆಲಸವಾಗಿತ್ತು. ಉದಾಹರಣೆಗಾಗಿ ಆಸರೆಯನ್ನು ಕುರಿತ ಮೂರು ಕನ್ನಡ ವಾಕ್ಯಗಳನ್ನು ತೆಗೆದುಕೊಳ್ಳಬಹುದು. ‘ಆಸರೆ ಹಾಕಬೇಕಾಯಿತು’ ಎಂದರೆ ನಿರ್ಬಂಧವಿತ್ತು, ಹಾಕಿದ್ದೂ ಆಯಿತು. ‘ಆಸರೆ ಹಾಕಿರಬೇಕು’ ಎಂದರೆ ಹಾಕಿದ್ದಾರೆಂದು ಊಹೆ. ‘ಆಸರೆ ಹಾಕಬೇಕಾಗಿತ್ತು’ ಎಂದರೆ ಸಾಮಾನ್ಯವಾಗಿ, ಹಾಕುವ ಕರ್ತವ್ಯವಿತ್ತು, ಹಾಕಲಿಲ್ಲ ಎಂದು ಅರ್ಥ. ಆದರೆ ಸಂದರ್ಭ ಬೇರೆಯಾದರೆ ನಿರ್ಬಂಧವಿದ್ದಿತೆಂಬಷ್ಟೇ ಅರ್ಥವೂ ಬರಬಹುದು. ಇಂಗ್ಲೀಷಿನಲ್ಲಿ ಮೊದಲನೆಯದಕ್ಕೆ ‘ಹ್ಯಾಡ್ ಟು’, ಎರಡನೆಯದಕ್ಕೆ ‘ಮಸ್ಟ್ ಹ್ಯಾವ್’, ಮೂರನೆಯದಕ್ಕೆ ‘ಷುಡ್ ಹ್ಯಾವ್’ ಅಥವಾ ‘ಆಟ್ ಟು ಹ್ಯಾವ್’ ಎಂಬ ಪ್ರಯೋಗಗಳು ನಿಯತವಾಗಿವೆ.

ತಮಿಳಿನಲ್ಲಿ ಈ ವಿಭಾಗವು ಬೇರೆ ರೀತಿಯಲ್ಲಿದೆ. ‘ಪೋಟ್ಟಿರುಕ್ಕ ವೇಣ್ಡುಂ’ ಎಂಬ ಒಂದೇ ವಾಕ್ಯವು ‘ಹಾಕಿದ್ದಿರಬಹುದು’ ಎಂಬ ಬಲವಾದ ಊಹೆಯನ್ನೂ ಹೇಳಬಹುದು, ‘ಹಾಕಬೇಕಾಗಿತ್ತು, ಹಾಕಲಿಲ್ಲ’ ಎಂಬ ಆಕ್ಷೇಪವನ್ನೂ ಹೇಳಬಹುದು. ತಮಿಳು ಕೆಲಸಗಾರನೊಬ್ಬನು ಈ ವಾಕ್ಯವನ್ನು ಆಕ್ಷೇಪದ ಅರ್ಥದಲ್ಲಿ ನುಡಿದನೆಂದೂ, ದುಭಾಷಿಯು ಪದಕ್ಕೆ ಪದವಿಟ್ಟು ‘ಹಾಕಿರಬೇಕು’ ಎಂದು ಕನ್ನಡಿಸಿದನೆಂದೂ, ಬರೆದುಕೊಳ್ಳುವವನು ಅದನ್ನು ‘ಮಸ್ಟ್ ಹ್ಯಾವ್’ ಎಂದು ಇಂಗ್ಲೀಷಿಗೆ ತಂದನೆಂದೂ ಭಾವಿಸಿಕೊಂಡರೆ ಫಲವೇನಾಗುವುದು? ಆಸರೆಯಿಲ್ಲದೆ ಅಪಘಾತವಾಯಿತೆಂಬ ಸಾಕ್ಷ್ಯವು, ಆಸರೆಯಿದ್ದಿತೆಂಬ ಸಾಕ್ಷ್ಯವಾಗಿ ಮಾರ್ಪಡುವುದು. ಒಂದೊಂದು ಹೆಜ್ಜೆಯಲ್ಲಿಯೂ ಭಾಷಾಂತರವು ಅಕ್ಷರಶಃ ಸರಿಯೆಂದೇ ತೋರುತ್ತದೆ. ಆದರೆ ಕರ್ತವ್ಯಲೋಪವು ಮಧ್ಯದಲ್ಲಿ ಎಲ್ಲಿಯೋ ಮಾಯವಾಗಿರುತ್ತದೆ. ಸಹಾಯಕ ಕ್ರಿಯಾಪದಗಳ ಪಾಠವು ಬಾಲಕರ ವ್ಯಾಕರಣಕ್ಕೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ.

ನಿಷೇಧದಲ್ಲಿಯೂ ಇಂತಹ ಒಂದು ತೊಡಕುಂಟು. ‘ಮಸ್ಟ್ ನಾಟ್’ ಎಂದರೆ ಕೂಡದು. ‘ನೀಡ್ ನಾಟ್’ ಎಂದರೆ ಆವಶ್ಯಕವಿಲ್ಲ. ಕನ್ನಡದಲ್ಲಿ ‘ಬೇಕು’ ಎಂಬುದರ ನಿಷೇಧವಾದ ‘ಬೇಡ’ ಎಂಬ ಪದವು ಎರಡು ಕಡೆಗೂ ವಾಲುತ್ತದೆ. ‘ಇಳಿಯಬೇಡ’ ಎಂದರೆ ಪ್ರತಿಷೇಧ; ‘ನೀನು ಇಳಿಯುವುದು ಬೇಡ’ ಎಂದರೆ ಆವಶ್ಯಕವಿಲ್ಲವೆಂದೂ ಆಗಬಹುದು, ಇಳಿಯಕೂಡದೆಂದೂ ಆಗಬಹುದು. ಅಪಾಯಸ್ಥಳದ ಫಲಕದಲ್ಲಿ ‘ಕೂಡದು’ ಎಂಬುದನ್ನೇ ಬರೆಯುವುದು ಕ್ಷೇಮ.

೬

ಈಗ ಕಾಯಿದೆಗಳ ಕಡೆಗೆ ತಿರುಗಬಹುದು. ಬ್ರಿಟಿಷ್ ಇಂಡಿಯದಲ್ಲಿ ೧೯೦೧ರಲ್ಲಿಯೂ ೧೯೨೩ರಲ್ಲಿಯೂ ಗಣಿಗಳ ಕಾಯಿದೆಗಳಾದುವು. ಮೈಸೂರು ಸಂಸ್ಥಾನಕ್ಕೆ ೧೯೦೬ರ ಪ್ರತ್ಯೇಕವಾದ ಗಣಿಗಳ ಶಾಸನವಿದ್ದಿತು. ಸ್ವಾತಂತ್ರ್ಯಾನಂತರ ೧೯೫೨ರ ಗಣಿಗಳ ಕಾಯಿದೆಯು ಇಡೀ ದೇಶಕ್ಕೆ ಅನ್ವಯಿಸಿತು. ಕೋಲಾರದ ಗಣಿಗಳು ಮುಚ್ಚುವವರೆಗೂ ಅದರ ಅಧೀನದಲ್ಲಿದ್ದುವು.

ಈ ೧೯೫೨ರ ಕಾಯಿದೆಯ ೬೨ನೆಯ ಪ್ರಕರಣವು ಭಾಷೆಯ ದೃಷ್ಟಿಯಿಂದ ಮುಖ್ಯವಾದುದು. ಕಾಯಿದೆಯ ಮತ್ತು ನಿಯಮಗಳ ಸಾರವನ್ನು 	ಇಂಗ್ಲೀಷಿನಲ್ಲಿಯೂ ಗೊತ್ತುಪಡಿಸಿದ ಇತರ ಭಾಷೆಗಳಲ್ಲಿಯೂ ಗಣಿಯ ಬಳಿ ಅಂಟಿಸಿರಬೇಕೆಂದು ಅದು ವಿಧಿಸಿತು. ೧೯ನೆಯ ಪ್ರಕರಣವು ಕುಡಿಯುವ ನೀರಿನ ಸ್ಥಳಗಳನ್ನು ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ ಗುರುತುಮಾಡಬೇಕೆಂದು ಹೇಳಿತು. ವಿಧಿಯು ಶ್ರೋತೃವಿನ ಕಿವಿಗೆ ಅವನ ಭಾಷೆಯಲ್ಲಿ ಬೀಳದೆ ವಿಧಿಯಾಗುವುದಿಲ್ಲವೆಂಬ ತತ್ತ್ವವನ್ನು ಕಾಯಿದೆಯೇ ಅಂಗೀಕರಿಸಿದಂತಾಯಿತು.

ಅದೇ ೧೯ನೆಯ ಪ್ರಕರಣದ ವಾಕ್ಯರಚನೆಯನ್ನು ನೋಡಬೇಕು. ಗಣಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ತಂಪಾದ ಶುದ್ಧವಾದ ಕುಡಿಯುವ ನೀರಿನ ಏರ್ಪಾಡು ಮಾಡಲ್ಪಡತಕ್ಕದ್ದು ಎಂಬುದು ಅದರ ಭಾವ. ಇಲ್ಲಿ ಇಂಗ್ಲೀಷಿನಲ್ಲಿಯೂ ಕರ್ಮಣಿಪ್ರಯೋಗವೇ ಇದ್ದು, ‘ಏರ್ಪಾಡು’ ಎಂಬುದು ವ್ಯಾಕರಣದ ಕರ್ತೃಸ್ಥಾನದಲ್ಲಿ ಕುಳಿತಿದೆ. ಏರ್ಪಾಡು ಮಾಡುವವನ ಹೆಸರಿಲ್ಲ. ಆ ಹೆಸರು ೧೮ನೆಯ ಪ್ರಕರಣದಲ್ಲಿ ಸಿಕ್ಕುತ್ತದೆ. ಗಣಿಯ ಮಾಲೀಕ, ಏಜೆಂಟ್, ಮ್ಯಾನೇಜರ್ ಇವರ ಕರ್ತವ್ಯಗಳನ್ನೂ ಹೊಣೆಯನ್ನೂ ಆ ಪ್ರಕರಣವು ಹೇಳುತ್ತದೆ. ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ೧೯ನೆಯದು ಉತ್ಪತ್ತಿವಿಧಿಯಂತಿದೆ, ೧೮ನೆಯದು ಅಧಿಕಾರವಿಧಿಯ ಸ್ಥಾನದಲ್ಲಿದೆ. ಎರಡನ್ನೂ ಏಕವಾಕ್ಯತೆಯಿಂದ ಓದಿದರೆ ಮಾತ್ರ ಅರ್ಥವು ಪೂರ್ಣ.

ಸಾರವನ್ನು ತೆಗೆದು ಗೋಡೆಯ ಮೇಲೆ ಅಂಟಿಸುವಾಗ ‘ಕುಡಿಯುವ ನೀರಿನ ಏರ್ಪಾಡು ಮಾಡತಕ್ಕದ್ದು’ ಎಂದು ಬರೆದರೆ ಕನ್ನಡದಲ್ಲಿ ಅದು ನಿರ್ದುಷ್ಟವಾದ ವಾಕ್ಯ. ಆದರೆ ಮಾಡತಕ್ಕವನು ಯಾರು? ನೆಲದಡಿಯ ಕೆಲಸದ ದೊಡ್ಡ ಭಾಗವು ಕಂಟ್ರಾಕ್ಟರುಗಳ ಮೂಲಕ ನಡೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯು ಹಗುರವಾದುದಾಗಿರಲಿಲ್ಲ. ಕೆಲಸಗಾರನಿಗೂ ಕಂಪೆನಿಗೂ ನಡುವೆ ಮೇಸ್ತ್ರಿಯೂ ಕಂಟ್ರಾಕ್ಟರೂ ಇರುವಾಗ ಕರ್ತೃಪದವಿಲ್ಲದ ವಿಧಿಯು ಒಬ್ಬನಿಂದ ಇನ್ನೊಬ್ಬನಿಗೆ ಜಾರುತ್ತಾ ಹೋಗಿ, ಕೊನೆಯಲ್ಲಿ ನೀರನ್ನು ಮನೆಯಿಂದ ತರಬೇಕಾದವನು ಕೆಲಸಗಾರನೇ ಎಂಬಲ್ಲಿಗೆ ಬಂದು ನಿಲ್ಲಬಹುದು. ಆದರೆ ಕೆಲಸಗಾರನ ಮೇಲಿನ ವಿಧಿಗಳಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಫಲಕವನ್ನು ಓದುವವನು ಅವನೇ ಆದುದರಿಂದ ಕರ್ತೃಪದವಿಲ್ಲದಿದ್ದರೂ ವಿಧಿಯು ತಾನಾಗಿಯೇ ಅವನಿಗೆ ಅಂಟುತ್ತದೆ. ಭೃತ್ಯನನ್ನು ತೊಡಗಿಸುವುದೇ ವಿಧಿಯೆಂದು ದೀಕ್ಷಿತನು ಹೇಳಿದುದು ಲೋಕರೂಢಿಯನ್ನು ನೋಡಿಯೇ. ಗಣಿಗಳ ಕಾಯಿದೆಯಲ್ಲಿರುವ ಹೊಸತನವೆಂದರೆ ಅದು ಧಣಿಯನ್ನೂ ನಿಯೋಜ್ಯನನ್ನಾಗಿ ಮಾಡಿದುದು. ಕರ್ತೃಪದವನ್ನು ಬಿಟ್ಟು ಕನ್ನಡಿಸಿದರೆ ಈ ಹೊಸತನವೇ ಅಳಿದುಹೋಗಿ ವಿಧಿಯು ಮತ್ತೆ ಭೃತ್ಯನ ಕಡೆಗೇ ತಿರುಗುತ್ತದೆ.

ಇಂಗ್ಲೀಷ್ ಕಾಯಿದೆಯ ಜಾಣ್ಮೆಗೂ ಒಂದು ಉದಾಹರಣೆಯನ್ನು ಕೊಡಬಹುದು. ನೆಲದ ಮೇಲೆ ಕೆಲಸ ಮಾಡುವ ವಯಸ್ಕನು ವಾರಕ್ಕೆ ೪೮ ಗಂಟೆಗಳಿಗಿಂತ ಹೆಚ್ಚು ದುಡಿಯುವುದನ್ನು ೩೦ನೆಯ ಪ್ರಕರಣವು ತಡೆಯಿತು. ಅಲ್ಲಿ ಅವನನ್ನು ದುಡಿಯುವಂತೆ ನಿರ್ಬಂಧಿಸಲೂ ಕೂಡದು, ದುಡಿಯಲು ಬಿಡಲೂ ಕೂಡದು ಎಂದು ಎರಡನ್ನೂ ಸೇರಿಸಿ ಹೇಳಿದೆ. ಪಾಣಿನಿಯು ಬೇರ್ಪಡಿಸಿದ ಆಜ್ಞೆ, ಅನುಜ್ಞೆ ಎಂಬೆರಡಕ್ಕೂ ಇಲ್ಲಿ ಏಕಕಾಲದಲ್ಲಿ ನಿಷೇಧವುಂಟು. ‘ಅವನೇ ಇಷ್ಟಪಟ್ಟು ದುಡಿದನು’ ಎಂಬ ಸಮಾಧಾನಕ್ಕೆ ಇದರಿಂದ ಎಡೆ ತಪ್ಪಿತು. ಕನ್ನಡದಲ್ಲಿ ‘೪೮ ಗಂಟೆಗಳಿಗಿಂತ ಹೆಚ್ಚು ದುಡಿಯಕೂಡದು’ ಎಂದು ಸಂಕ್ಷೇಪಿಸಿದರೆ ನಿಷೇಧವು ದುಡಿಸುವವನನ್ನು ಬಿಟ್ಟು ದುಡಿಯುವವನ ಮೇಲೆ ಬೀಳುತ್ತದೆ. ‘ದುಡಿಸಕೂಡದು’ ಎಂಬ ಪ್ರೇರಣಾರ್ಥಕ ರೂಪವು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಒಂದು ‘ಇಸು’ ಪ್ರತ್ಯಯದಲ್ಲಿ ನ್ಯಾಯವು ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ.

೭

೧೯೩೦ರ ಏಪ್ರಿಲ್ ತಿಂಗಳಲ್ಲಿ ಈ ಪದಗಳ ಇನ್ನೊಂದು ಮುಖವು ಪ್ರಕಾಶಕ್ಕೆ ಬಂದಿತು. ಕೆಲಸಗಾರರೆಲ್ಲರೂ ಬೆರಳಚ್ಚನ್ನು ಕೊಟ್ಟು ಹೆಸರು ದಾಖಲುಮಾಡಿಸಬೇಕೆಂದು ಗಣಿಗಳ ಆಡಳಿತವು ಏರ್ಪಡಿಸಿದಾಗ ಸಾವಿರಾರು ಮಂದಿ ಕೆಲಸವನ್ನು ನಿಲ್ಲಿಸಿದರು. ಮುಷ್ಕರವು ಸುಮಾರು ಮೂರು ವಾರಗಳ ಕಾಲ ನಡೆಯಿತು. ಆ ಕಾಲಕ್ಕೆ ಅವರಿಗೆ ಬಲವಾದ ಸಂಘವಿರಲಿಲ್ಲ. ಬೆರಳಚ್ಚೆಂದರೆ ಅಪರಾಧಿಗಳಿಂದ ಪೊಲೀಸರು ಪಡೆಯುವ ಗುರುತೆಂಬ ಭಾವನೆಯು ಜನರಲ್ಲಿತ್ತು. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ರೂಢಿಯೂ ದೇಶದಲ್ಲಿ ಇದ್ದೇ ಇತ್ತು. ಸಾಲವೂ ಅಪರಾಧವೂ ಒಂದೇ ಗುರುತಿನಲ್ಲಿ ಕೂಡಿದುದನ್ನು ನೋಡಿದರೆ, ‘ಷಲ್’ ಎಂಬುದರ ಜ್ಞಾತಿಯಾದ ಜರ್ಮನ್ ಪದದ ಎರಡು ಅರ್ಥಗಳು ನೆನಪಿಗೆ ಬರುತ್ತವೆ.

ಸಾಲವು ಕರ್ತವ್ಯವಾಗುವ ವಿಷಯದಲ್ಲಿ ಕಾನೂನಿನ ಚರಿತ್ರೆಯೂ ಸಾಕ್ಷಿಯಾಗಿದೆ. ಬ್ರಿಟಿಷ್ ಇಂಡಿಯದ ೧೮೫೯ರ ಹದಿಮೂರನೆಯ ಕಾಯಿದೆಯು, ಮುಂಗಡವನ್ನು ಪಡೆದು ಕೆಲಸವನ್ನು ಮಾಡದ ಕೆಲಸಗಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ತರಲು ಅವಕಾಶ ಮಾಡಿತ್ತು. ಅದು ೧೯೨೫ರ ಶಾಸನದಿಂದ ರದ್ದಾಯಿತು. ಆಧಮರ್ಣ್ಯವು ಅಲ್ಲಿ ಕೆಲಸಗಾರನ ಪಾಲಿಗೆ ಮಾತ್ರ ಬಂದಿತ್ತು. ಗಣಿಗಳ ಕಾಯಿದೆಯು ಬೆಳೆದಂತೆಲ್ಲ ಧಣಿಯೂ ಋಣಿಯಾದನು: ನೀರಿಗೆ, ಬೆಳಕಿಗೆ, ಗಾಳಿಗೆ, ಆಸರೆಗೆ, ವಾರದ ಬಿಡುವಿಗೆ.

ಮುಷ್ಕರದ ಕಾಲದಲ್ಲಿ ‘ಬೇಕು’ ಎಂಬ ಪದಕ್ಕೆ ಅದರ ಮೊದಲಿನ ಅರ್ಥವು ಮರಳುತ್ತದೆ. ‘ನೀವು ಬೆರಳಚ್ಚು ಕೊಡಬೇಕು’ ಎಂಬ ವಾಕ್ಯದಲ್ಲಿ ಇಚ್ಛಿಸಿದವನು ಮರೆಯಾಗಿದ್ದನು. ‘ನಮಗೆ ಕೂಲಿ ಬೇಕು’ ಎಂಬ ವಾಕ್ಯದಲ್ಲಿ ಇಚ್ಛಿಸಿದವನು ಚತುರ್ಥಿಯಲ್ಲಿ ಮುಂದೆ ಬಂದು ನಿಲ್ಲುತ್ತಾನೆ. ವಿಧಿಸುವವನ ಪದವೂ ಕೇಳುವವನ ಪದವೂ ಒಂದೇ ಆಗಿರುವುದು ದ್ರಾವಿಡ ಭಾಷೆಗಳ ವಿಶೇಷ. ಇಂಗ್ಲೀಷಿನಲ್ಲಿ ‘ಮಸ್ಟ್’ ಬೇರೆ, ‘ವಾಂಟ್’ ಬೇರೆ. ಕನ್ನಡದ ‘ಬೇಕು’ ಎಂಬುದನ್ನು ಇಂಗ್ಲೀಷಿಗೆ ತರುವವನು ಪ್ರತಿಯೊಂದು ಸಲವೂ ಇದು ಆಜ್ಞೆಯೋ ಬೇಡಿಕೆಯೋ ಎಂದು ನಿರ್ಣಯಿಸಲೇಬೇಕು.

೮

ಇಷ್ಟು ವಿಚಾರದಿಂದ ಭಾಷಾಂತರಕಾರರಿಗೂ ಉಪಾಧ್ಯಾಯರಿಗೂ ಉಪಯುಕ್ತವಾದ ಕೆಲವು ನಿರ್ಣಯಗಳು ದೊರೆಯುತ್ತವೆ. ಕಾಯಿದೆಯ ‘ಷಲ್’ ಎಂಬುದಕ್ಕೆ ‘ತಕ್ಕದ್ದು’ ಎಂಬುದು ಯೋಗ್ಯವಾದ ಪ್ರತಿಪದವೇ ಹೌದು. ಆದರೆ ಕರ್ತೃಪದವನ್ನು ಜೊತೆಗಿಟ್ಟೇ ಪ್ರಯೋಗಿಸಬೇಕು. ‘ಮಾಲೀಕನು ಒದಗಿಸತಕ್ಕದ್ದು’ ಎಂದಾಗಲಿ, ಇನ್ನೂ ಸ್ಪಷ್ಟವಾಗಿ ‘ಮಾಲೀಕನು ಒದಗಿಸತಕ್ಕವನು’ ಎಂದಾಗಲಿ ಹೇಳಬಹುದು. ಈ ಎರಡನೆಯ ರೂಪದಲ್ಲಿ ಲಿಂಗವಚನಗಳು ಕರ್ತೃವನ್ನು ಅನುಸರಿಸುವುದರಿಂದ ಹೊಣೆಯು ಜಾರಿಹೋಗಲು ಆಸ್ಪದವಿಲ್ಲ. ‘ಮಸ್ಟ್’ ಎಂಬುದಕ್ಕೆ ‘ಲೇಬೇಕು’. ‘ಷುಡ್’, ‘ಆಟ್’ ಎಂಬುವಕ್ಕೆ ಬರಿಯ ‘ಬೇಕು’. ‘ಮಸ್ಟ್ ನಾಟ್’ ಎಂಬುದಕ್ಕೆ ‘ಕೂಡದು’. ‘ನೀಡ್ ನಾಟ್’ ಎಂಬುದಕ್ಕೆ ‘ಬೇಕಾಗಿಲ್ಲ’. ‘ಮೇ’ ಎಂಬುದಕ್ಕೆ ‘ಬಹುದು’. ಕಳೆದ ಕಾಲದಲ್ಲಿ ‘ಬೇಕಾಯಿತು’, ‘ಬೇಕಾಗಿತ್ತು’, ‘ಇರಬೇಕು’ ಎಂಬ ಮೂರರ ಭೇದವನ್ನು ವಿದ್ಯಾರ್ಥಿಗಳಿಗೆ ಕನ್ನಡದಲ್ಲಿಯೇ ಮೊದಲು ಮನಗಾಣಿಸಿ, ಆಮೇಲೆ ಇಂಗ್ಲೀಷಿನ ಪ್ರಯೋಗಗಳಿಗೆ ಹೊಂದಿಸುವುದು ಸುಗಮವಾದ ಮಾರ್ಗ. ತಮ್ಮ ಮಾತಿನಲ್ಲಿಯೇ ಇರುವ ಭೇದವನ್ನು ಅರಿತವರಿಗೆ ಪರಭಾಷೆಯ ಭೇದವು ಕಷ್ಟವಲ್ಲ.

ಕನ್ನಡದಲ್ಲಿ ಕರ್ತವ್ಯಬೋಧಕ ಪದಗಳ ದಾರಿದ್ರ್ಯವಿದೆಯೆಂಬ ಆಕ್ಷೇಪಕ್ಕೆ ಇದರಿಂದ ಉತ್ತರವಾಯಿತು. ಇಚ್ಛೆ, ಯೋಗ್ಯತೆ, ಸಾಧ್ಯತೆ, ನಿಷೇಧ ಇವೆಲ್ಲಕ್ಕೂ ಕನ್ನಡದಲ್ಲಿ ಪ್ರತ್ಯೇಕ ಪದಗಳಿವೆ. ಋಣದ ಭಾವನೆಗೂ ‘ಕೊಡತಕ್ಕವನು’ ಎಂಬ ಮಾತು ಹಳೆಯ ಲೆಕ್ಕದ ಕಡತಗಳಿಂದ ಬಂದೇ ಇದೆ. ಕೊರತೆಯಿರುವುದು ಕರ್ತೃಪದವನ್ನು ಬಿಟ್ಟು ಬರೆಯುವ ಅಭ್ಯಾಸದಲ್ಲಿ. ೧೯೬೩ರ ರಾಜ್ಯ ಅಧಿಕೃತ ಭಾಷಾ ಅಧಿನಿಯಮವಾದಂದಿನಿಂದ ಕನ್ನಡದಲ್ಲಿ ಕಾಯಿದೆಗಳೂ ಆದೇಶಗಳೂ ವಿಪುಲವಾಗಿ ಹೊರಡುತ್ತಿವೆ. ಅವುಗಳಲ್ಲಿ ‘ಕ್ರಮ ಕೈಗೊಳ್ಳುವುದು’, ‘ಏರ್ಪಾಡು ಮಾಡತಕ್ಕದ್ದು’ ಎಂದು ಮುಗಿಯುವ ವಾಕ್ಯಗಳನ್ನು ಕಂಡಾಗಲೆಲ್ಲ ಜೈಮಿನಿಯ ಆರನೆಯ ಅಧ್ಯಾಯದ ಪ್ರಶ್ನೆಯನ್ನು ಕೇಳುವುದು ಓದುಗರ ಹಕ್ಕಾಗಿದೆ: ಯಾರು? ಊರಿಗಾಮಿನಲ್ಲಿ ನೆಲದಡಿಗೆ ಇಳಿದವರಿಗೆ ಈ ಪ್ರಶ್ನೆಯ ಉತ್ತರದಲ್ಲಿ ನೀರು, ಆಸರೆ, ಪ್ರಾಣ ಇವು ಮೂರೂ ಸೇರಿದ್ದುವು.